ನಿರ್ಮಾಣ ಸಲಕರಣೆ ವಾಹನಗಳ ಹೊಗೆ ನಿಯಂತ್ರಣ ಸಂವೇದಕಗಳಲ್ಲಿ ದೋಷ ಪತ್ತೆ: ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಮಾಲೀಕರ ಮಾಹಿತಿಗಾಗಿ

ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನಲ್ಲಿ ಬ್ಯಾಕ್‌ಹೋ ಲೋಡರ್, ವ್ಹೀಲ್ ಲೋಡರ್, ಗ್ರೇಡರ್, ರೋಲರ್ ಮುಂತಾದ ಡೀಸೆಲ್ ಯಂತ್ರಗಳನ್ನು ಹೊಂದಿರುವ ಮಾಲೀಕರು ಹಾಗೂ ಅವುಗಳ ನೋಂದಣಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಎಚ್ಚರಿಕೆ ದೀಪ ಹತ್ತಿಕೊಂಡ ಕೂಡಲೇ ಸಂವೇದಕವನ್ನು (ಸೆನ್ಸರ್) ಬದಲಿಸುವುದು, ಅದು ಫಲಿಸದಿದ್ದಲ್ಲಿ ಇಡೀ ವ್ಯವಸ್ಥೆಯನ್ನೇ ಬೈಪಾಸ್ ಮಾಡಿಸುವುದು, ಇವೆರಡೂ ಮಾಲೀಕರಿಗೆ ನಷ್ಟದ ಬಾಬುಗಳು. ಎರಡನೆಯದು ಅಪರಾಧವೂ ಆಗಿರುತ್ತದೆ.

ಯಾವ ಯಂತ್ರಕ್ಕೆ ಯಾವ ಮಾನಕ

ಸದರಿ ವಾಹನಗಳಿಗೆ ಭಾರತ್ ಸ್ಟೇಜ್ ಸಿಇವಿ 4ನೇ ಹಂತದ ಮಾನಕಗಳು ದಿನಾಂಕ 1-4-2021 ರಿಂದಲೂ, 5ನೇ ಹಂತದ ಮಾನಕಗಳು ದಿನಾಂಕ 1-1-2025 ರಿಂದಲೂ ಜಾರಿಗೆ ಬಂದಿವೆ. 4ನೇ ಹಂತದಲ್ಲಿ 56 ರಿಂದ 560 ಕಿಲೋವ್ಯಾಟ್ ಸಾಮರ್ಥ್ಯದ ಎಂಜಿನ್ನುಗಳು ಪ್ರತಿ ಕಿಲೋವ್ಯಾಟ್-ಗಂಟೆಗೆ 0.4 ಗ್ರಾಂ ಮೀರಿ ಸಾರಜನಕದ ಆಕ್ಸೈಡುಗಳನ್ನು ಹೊರಬಿಡುವಂತಿಲ್ಲ. ಇದನ್ನು ಸಾಧಿಸಲು ಹೊಗೆಗೆ ಯೂರಿಯಾ ದ್ರಾವಣವನ್ನು (ಡಿಇಎಫ್) ಸಿಂಪಡಿಸುವ ಎಸ್‌ಸಿಆರ್ ವ್ಯವಸ್ಥೆಯನ್ನು ಅಳವಡಿಸಲಾಗಿರುತ್ತದೆ. ದ್ರಾವಣದಿಂದ ಹೊಮ್ಮುವ ಅಮೋನಿಯಾ ಆ ಆಕ್ಸೈಡುಗಳನ್ನು ಸಾರಜನಕ ಮತ್ತು ನೀರಾಗಿ ಮಾರ್ಪಡಿಸುತ್ತದೆ. 5ನೇ ಹಂತದಲ್ಲಿ ಕಣಗಳ ಸಂಖ್ಯೆಗೂ ಮಿತಿ ಇರುವುದರಿಂದ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಸಹ ಸೇರಿದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. 56 ಕಿಲೋವ್ಯಾಟ್ ಎಂದರೆ ಸುಮಾರು 75 ಅಶ್ವಶಕ್ತಿ. ಅದಕ್ಕಿಂತ ಕಡಿಮೆ ಸಾಮರ್ಥ್ಯದ ಎಂಜಿನ್ನುಗಳಿಗೆ ಮಿತಿ ಸಡಿಲವಾಗಿರುವುದರಿಂದ, ಜನರು ಜೆಸಿಬಿ ಎಂದೇ ಕರೆಯುವ ಬ್ಯಾಕ್‌ಹೋ ಲೋಡರುಗಳಲ್ಲಿ ಅನೇಕವಕ್ಕೆ ಯೂರಿಯಾ ತೊಟ್ಟಿಯೇ ಇರುವುದಿಲ್ಲ. ಆದುದರಿಂದ ಯಾವುದೇ ಬಿಡಿಭಾಗ ಖರೀದಿಸುವ ಮೊದಲು ಎಂಜಿನ್ ಫಲಕದ ಮೇಲಿನ ಕಿಲೋವ್ಯಾಟ್ ಸಂಖ್ಯೆಯನ್ನೂ ಹಂತವನ್ನೂ ಓದಿಕೊಳ್ಳುವುದು.

ದೋಷ ಸಂಕೇತವನ್ನು ಓದುವ ಕ್ರಮ

ಬಹುತೇಕ ಭಾರಿ ಯಂತ್ರಗಳಲ್ಲಿ ದೋಷವು ಎರಡು ಸಂಖ್ಯೆಗಳಲ್ಲಿ ದಾಖಲಾಗುತ್ತದೆ. ಎಸ್‌ಪಿಎನ್ ಎಂಬುದು ದೋಷ ಕಂಡುಬಂದ ಅಂಶವನ್ನೂ, ಎಫ್‌ಎಂಐ ಎಂಬುದು ದೋಷದ ಬಗೆಯನ್ನೂ ತಿಳಿಸುತ್ತದೆ. ಮೆಕ್ಯಾನಿಕರು ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಡುವುದುಂಟು. ಖರ್ಚು ನಿರ್ಧಾರವಾಗುವುದು ಎರಡನೆಯದರಿಂದಲೇ. ಉದಾಹರಣೆಗೆ, ಎಸ್‌ಪಿಎನ್ 3226 ಎಂದರೆ ಹೊಗೆಯ ಹೊರದಾರಿಯ ನಾಕ್ಸ್ ಅಳತೆ. ಅದರೊಡನೆ ಎಫ್‌ಎಂಐ 3, 4 ಅಥವಾ 5 ಇದ್ದಲ್ಲಿ ಅದು ವಿದ್ಯುತ್ ಸಂಬಂಧದ ದೋಷ: ತಂತಿ ತುಂಡಾಗಿರಬಹುದು, ತಗುಲಿರಬಹುದು. ಎಫ್‌ಎಂಐ 9 ಇದ್ದಲ್ಲಿ ಸಂದೇಶವು ಸಕಾಲಕ್ಕೆ ಬರುತ್ತಿಲ್ಲವೆಂದು ಅರ್ಥ. ಮೊದಲು ಫ್ಯೂಸ್, ಅರ್ಥಿಂಗ್ ಹಾಗೂ ಸಂವಹನ ತಂತಿಗಳನ್ನು ಪರಿಶೀಲಿಸುವುದು.

ಎಸ್‌ಪಿಎನ್ 4364 ರೊಡನೆ ಎಫ್‌ಎಂಐ 18 ಬಂದಲ್ಲಿ ಸಂಗತಿ ಬೇರೆ. ಅಲ್ಲಿ ಶುದ್ಧೀಕರಣದ ಪ್ರಮಾಣವೇ ಕಡಿಮೆಯಾಗಿದೆ ಎಂದು ಯಂತ್ರ ತಿಳಿಸುತ್ತಿದ್ದು, ಸಂವೇದಕವು ಸತ್ಯವನ್ನೇ ಹೇಳುತ್ತಿರಲು ಸಾಧ್ಯವಿದೆ. ತಾಳೆಪಟ್ಟಿ ಹೊಂದದಿದ್ದಾಗ ಗುಮಾಸ್ತನನ್ನು ಬದಲಿಸಿದರೆ ವ್ಯತ್ಯಾಸ ಹೋಗುವುದಿಲ್ಲ, ತಪ್ಪು ನಮೂದನ್ನೇ ಹುಡುಕಬೇಕಾಗುತ್ತದೆ. ಇಲ್ಲಿ ತಪ್ಪು ನಮೂದು ಎಂದರೆ ನೀರು ಬೆರೆತ ದ್ರಾವಣ, ಬಿಳಿ ಹರಳುಗಟ್ಟಿದ ಸಿಂಪಡಿಕೆ ನಳಿಕೆ ಅಥವಾ ಹೊಗೆ ಕೊಳವೆಯ ಸೋರಿಕೆ. ದ್ರಾವಣದಲ್ಲಿ ಯೂರಿಯಾ ಪ್ರಮಾಣ ಶೇ. 32.5 ಇರತಕ್ಕದ್ದು, ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿದರೆ ನಿಮಿಷದಲ್ಲಿ ತಿಳಿಯುತ್ತದೆ. ದ್ರಾವಣವನ್ನು 35 ಡಿಗ್ರಿ ತಾಪದಲ್ಲಿ ಶೇಖರಿಸಿಟ್ಟರೆ ಸುಮಾರು ಆರು ತಿಂಗಳಷ್ಟೇ ಬಾಳುತ್ತದೆ. ಬಿಸಿಲಿಗೆ ತಗಡಿನ ಶೆಡ್ಡಿನಲ್ಲಿಟ್ಟ ಡಬ್ಬಿಗಳ ದಿನಾಂಕವನ್ನು ನೋಡಿಕೊಳ್ಳುವುದು.

ರಸಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹಾಕುವುದನ್ನು ಯಾವ ಕಾರಣಕ್ಕೂ ಮಾಡಕೂಡದು. 2015 ರಿಂದ ಕೃಷಿ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯವಾಗಿದೆ. ಆ ಲೇಪನವೂ ಗೊಬ್ಬರದಲ್ಲಿನ ಕಲ್ಮಶಗಳೂ ನಳಿಕೆಯನ್ನು ಕಟ್ಟಿಸಿ ವೇಗವರ್ಧಕವನ್ನು ಕೆಡಿಸುತ್ತವೆ. ಇದಲ್ಲದೆ, ಸಹಾಯಧನದ ಗೊಬ್ಬರವನ್ನು ಕೃಷಿಯೇತರ ಕಾರ್ಯಕ್ಕೆ ಬಳಸುವುದು ರಸಗೊಬ್ಬರ ನಿಯಂತ್ರಣ ಆದೇಶ, 1985 ರ ಉಲ್ಲಂಘನೆಯಾಗುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಖಾನಾಪುರ, ಜಾಂಬೋಟಿ, ಕಣಕುಂಬಿ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ವಿಷಯ ಎಲ್ಲರಿಗೂ ತಿಳಿದದ್ದೇ. ಆ ಅವಧಿಯಲ್ಲಿ ಮಣ್ಣಿನ ಕೆಲಸ ನಿಂತು ಯಂತ್ರಗಳು ತಿಂಗಳುಗಟ್ಟಲೆ ನಿಂತಿರುತ್ತವೆ. ಮಳೆ ಮುಗಿದು ಮೊದಲ ಬಾರಿಗೆ ಚಾಲನೆ ಮಾಡಿದಾಗ ಕಾಣುವ ದೋಷವನ್ನು ಮೊದಲು ಕನೆಕ್ಟರಿನಲ್ಲಿ ಹುಡುಕುವುದು ಸೂಕ್ತ: ಪಿನ್ನುಗಳ ಮೇಲೆ ಹಸಿರು ಕಿಲುಬು, ಒಳಗೆ ಕೆಂಪು ಮಣ್ಣಿನ ನೀರು, ಇಲಿ ಕಡಿದ ತಂತಿ. ಇವನ್ನು ಕಣ್ಣಿನಿಂದಲೇ ಕಾಣಬಹುದು.

ಬೆಳಿಗ್ಗೆ ಎಂಜಿನ್ ಚಾಲನೆಗೆ ಮುನ್ನ, ಕೀಲಿ ಮಾತ್ರ ತಿರುಗಿಸಿ, ಉಪಕರಣದಲ್ಲಿ ಎಲ್ಲ ಉಷ್ಣ ಸಂವೇದಕಗಳ ಅಳತೆಯನ್ನು ನೋಡುವುದು. ರಾತ್ರಿಯಿಡೀ ತಣಿದ ಯಂತ್ರದಲ್ಲಿ ಹೊಗೆ, ಗಾಳಿ, ಕೂಲಂಟ್ ಎಲ್ಲದರ ತಾಪವೂ ಹೆಚ್ಚುಕಡಿಮೆ ಒಂದೇ ಇರಬೇಕು. ಗುಂಪಿನಿಂದ ದೂರ ನಿಂತದ್ದೇ ಸಂಶಯಾಸ್ಪದ. ಅದೇ ಸಮಯದಲ್ಲಿ ಫಿಲ್ಟರಿನ ಒತ್ತಡ ವ್ಯತ್ಯಾಸದ ಸಂವೇದಕ (ಎಸ್‌ಪಿಎನ್ 3251) ಸೊನ್ನೆಯ ಸಮೀಪ ತೋರಿಸಬೇಕು. ತೋರಿಸದಿದ್ದಲ್ಲಿ ಅದರ ಎರಡು ರಬ್ಬರ್ ಕೊಳವೆಗಳಲ್ಲಿ ನೀರು ಅಥವಾ ಮಸಿ ನಿಂತಿದೆಯೇ ಎಂದು ನೋಡಿ, ಅನಂತರ ಸಂವೇದಕದ ಕಡೆ ಬರುವುದು. ಬ್ಯಾಟರಿ ಸಂಪರ್ಕ ತೆಗೆದು ಸಂವಹನದ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದಲ್ಲಿ ಸುಮಾರು 60 ಓಮ್ ಬರಬೇಕು. 120 ಬಂದಲ್ಲಿ ಕೊನೆಯ ರೋಧಕಗಳಲ್ಲಿ ಒಂದರ ಸಂಪರ್ಕ ಕಡಿದಿದೆ. ಆದರೆ ಕೀಲಿ ತೆಗೆದ ತಕ್ಷಣ ಬ್ಯಾಟರಿ ಕಳಚಬಾರದು. ನಳಿಕೆಯಲ್ಲಿ ಉಳಿದ ದ್ರಾವಣವನ್ನು ಪಂಪು ಹಿಂದಕ್ಕೆಳೆಯಲು ಕೆಲವು ನಿಮಿಷ ಬೇಕಾಗುತ್ತದೆ.

ನಾಕ್ಸ್ ಸಂವೇದಕದೊಳಗಿನ ಸೆರಾಮಿಕ್ ತುಂಡು ಸುಮಾರು 800 ಡಿಗ್ರಿವರೆಗೆ ಕಾಯುತ್ತದೆ. ಕಾದಿರುವಾಗ ನೀರಿನ ಹನಿ ತಗುಲಿದರೆ ಸೀಳುತ್ತದೆ. ವಾಟರ್ ಸರ್ವಿಸಿಂಗ್ ಮಾಡಿಸುವಾಗ ಸೈಲೆನ್ಸರ್ ಭಾಗಕ್ಕೆ ಪೈಪು ಹಿಡಿಯದಂತೆ ಚಾಲಕರಿಗೆ ತಿಳಿಸುವುದು.

ಬೈಪಾಸ್ ಮಾಡಿಸುವ ಕುರಿತು

ದೋಷ ಮುಂದುವರಿದಲ್ಲಿ ಯಂತ್ರವು ತಾನಾಗಿಯೇ ಶಕ್ತಿಯನ್ನು ಕಡಿತಗೊಳಿಸುತ್ತದೆ. ಒಂದೇ ಯಂತ್ರವನ್ನು ಸಾಲದಲ್ಲಿ ಕೊಂಡು ಗಂಟೆ ಬಾಡಿಗೆಗೆ ಓಡಿಸುವ ಮಾಲೀಕರಿಗೆ ಇದರ ಕಷ್ಟವೇನೆಂಬುದು ಇಲಾಖೆಗೆ ತಿಳಿಯದ ವಿಷಯವಲ್ಲ: ಕಂತು ನಿಲ್ಲುವುದಿಲ್ಲ, ಯಂತ್ರ ನಿಲ್ಲುತ್ತದೆ. ಇಂತಹ ಸಮಯದಲ್ಲಿಯೇ ಸುಳ್ಳು ಅಳತೆ ಕಳುಹಿಸುವ ಸಣ್ಣ ಪೆಟ್ಟಿಗೆಯನ್ನು ಮಾರುವವರು ಬರುತ್ತಾರೆ. ಹೊಗೆ ತಪಾಸಣೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲವೆಂಬ ಅವರ ಮಾತು ಅರ್ಧ ನಿಜ. ಡೀಸೆಲ್ ಹೊಗೆಯ ದಟ್ಟಣೆಯನ್ನು ಅಳೆಯುವ ಸ್ಮೋಕ್ ಮೀಟರ್, ಕಣ್ಣಿಗೆ ಕಾಣದ ನಾಕ್ಸ್ ಅನ್ನು ಅಳೆಯುವುದಿಲ್ಲ. ಆದರೆ ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಮೋಟಾರು ವಾಹನಗಳ ಅಧಿನಿಯಮ, 1988 ರ ಕಲಂ 182ಎ(4) ರಂತೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ವಾಯುಮಾಲಿನ್ಯ ಮಾನಕ ಉಲ್ಲಂಘಿಸುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸಿದಲ್ಲಿ ಕಲಂ 190(2) ಅನ್ವಯವಾಗುತ್ತದೆ. ಅದರಲ್ಲಿ ಚಾಲನಾ ಅನುಜ್ಞಾಪತ್ರಕ್ಕೂ ಮೂರು ತಿಂಗಳ ಅನರ್ಹತೆ ಇದೆ. ಕೆಟ್ಟ ಸಂವೇದಕದ ಬದಲು ತಯಾರಕರು ಸೂಚಿಸಿದ ಅದೇ ಸಂವೇದಕವನ್ನು ಹಾಕಿಸುವುದು ಮಾರ್ಪಾಡಲ್ಲ. ಅದರ ಜಿಎಸ್‌ಟಿ ಬಿಲ್ಲನ್ನು ಭಾಗದ ಸಂಖ್ಯೆ ನಮೂದಿಸಿ ಪಡೆದು ಇಟ್ಟುಕೊಳ್ಳುವುದು.

ನೋಂದಣಿ

ನಿರ್ಮಾಣ ಸಲಕರಣೆ ವಾಹನವು ಸಾರಿಗೇತರ ವಾಹನವಾಗಿದ್ದು, ಅದರ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಊರ್ಜಿತದಲ್ಲಿರುತ್ತದೆ. ಅನಂತರ ನಮೂನೆ 25 ರಲ್ಲಿ ಅರ್ಜಿ ಸಲ್ಲಿಸಿ ಐದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಸ್ವೀಕರಿಸಲಾಗುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಸ್ವಂತ ಬಲದಿಂದ ಸಂಚರಿಸಲು ಸಜ್ಜಾಗಿರದೆ, ಗಣಿ, ಕಾರ್ಖಾನೆ ಮುಂತಾದ ಆವರಣದೊಳಗೆ ಮಾತ್ರ ದುಡಿಯುವ ಯಂತ್ರಗಳು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ತಮ್ಮ ಯಂತ್ರ ಯಾವ ವರ್ಗಕ್ಕೆ ಸೇರುತ್ತದೆಂಬ ಸಂಶಯವಿದ್ದಲ್ಲಿ ತಯಾರಕರ ನಮೂನೆ 22 ಹಾಗೂ ಎಂಜಿನ್ ಫಲಕದ ಛಾಯಾಚಿತ್ರದೊಂದಿಗೆ ಬೆಳಗಾವಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು.