ಕಾಳಿನ ಗುಳಿಗೆ: ಹುಳಕ್ಕೆ ಇಟ್ಟದ್ದು ಅವ್ವನ ಉಸಿರಿಗೆ ಬಂತು

ಮೂರು ವರ್ಷದ ಹಿಂದಿನ ಮಾತು. ಎಂಟು ಚೀಲ ಬಿಳಿಜೋಳ ನಡುಮನೆಯಲ್ಲೇ ಒಟ್ಟಿದ್ದೆವು. ಹುಳ ಬೀಳಬಾರದು ಅಂತ ಅಂಗಡಿಯಿಂದ ಬಿಡಿ ಗುಳಿಗೆ ತಂದು, ಅರಿವೆಯಲ್ಲಿ ಕಟ್ಟಿ, ಚೀಲಕ್ಕೊಂದರಂತೆ ನಾನೇ ಹಾಕಿದೆ. ಪಕ್ಕದ ಕೋಣೆಯಲ್ಲಿ ಅವ್ವ ಮಲಗಿದ್ದಳು. ಬೆಳಗಿನ ಜಾವ ಎದ್ದು "ತಲಿ ಸಿಡಿಲಾಕತ್ತೈತಿ, ಎದಿ ಬಿಗಿದಂಗ ಆಗೇತಿ" ಅಂದಳು. ಎರಡು ಸಲ ವಾಂತಿ. ಪಿತ್ತ ಇರಬೇಕು ಅಂದುಕೊಂಡೆವು. ಮನೆಯಲ್ಲಿ ಬೆಳ್ಳುಳ್ಳಿಯಂಥ ವಾಸನೆ ಇತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಮನ್ಯಾಗ ಕಾಳಿಗೆ ಗುಳಿಗಿ ಇಟ್ಟೀರೇನು?" ಎರಡು ದಿನ ಇದ್ದು ಅವ್ವ ಮನೆಗೆ ಬಂದಳು. ನಮ್ಮ ಪುಣ್ಯ.

ಗುಳಿಗೆಯಲ್ಲಿ ಏನಿದೆ?

ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ಅಥವಾ ಕಾಳಿನ ತೇವ ತಗುಲಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂ ಗುಳಿಗೆಯಿಂದ ಸುಮಾರು 1 ಗ್ರಾಂ ಅನಿಲ. ಹುಳ ಸಾಯೋದು ಈ ಅನಿಲದಿಂದಲೇ. ಅದು ಜೀವಕೋಶಗಳು ಆಮ್ಲಜನಕ ಬಳಸದಂತೆ ಮಾಡುತ್ತದೆ, ಹುಳದ್ದಾದರೂ ಸರಿ, ನಮ್ಮದಾದರೂ ಸರಿ. ನಮ್ಮಲ್ಲಿ ಹೃದಯ, ಶ್ವಾಸಕೋಶಕ್ಕೆ ದೊಡ್ಡ ಪೆಟ್ಟು. ಅನಿಲಕ್ಕೆ ಬಣ್ಣವಿಲ್ಲ, ಗಾಳಿಗಿಂತ ತುಸು ಭಾರ. ಗೋಣಿಚೀಲ ಅದನ್ನು ತಡೆಯಲ್ಲ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗುತ್ತೆ. ವಾಸನೆ ಬರಲಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ. ಇದಕ್ಕೆ ಪ್ರತಿವಿಷವೂ ಇಲ್ಲ.

ಅದಕ್ಕೇ ಇದನ್ನು ಬೇಕಾದವರೆಲ್ಲ ಬಳಸುವಂತಿಲ್ಲ. ಸರ್ಕಾರಿ ತಜ್ಞರ ಉಸ್ತುವಾರಿಯಲ್ಲಿ ಸರ್ಕಾರಿ ಸಂಸ್ಥೆಗಳು, ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ ಬಳಸಬೇಕು. 10 ಮತ್ತು 20 ಗುಳಿಗೆಯ ಟ್ಯೂಬ್ ಪ್ಯಾಕ್ ನಮ್ಮ ದೇಶದಲ್ಲಿ ನಿಷೇಧ. ಅಂಗಡಿಯವರು ಕಾಗದದಲ್ಲಿ ಸುತ್ತಿ ಬಿಡಿಯಾಗಿ ಕೊಟ್ಟರೆ ಬೇಡ ಅನ್ನಿ.

ಅನಿಲ ತಗುಲಿದರೆ

• ಎಲ್ಲರೂ ತಕ್ಷಣ ಮನೆಯಿಂದ ಹೊರಗೆ ಬನ್ನಿ. ಮಕ್ಕಳನ್ನು ಮೊದಲು ಕರೆತನ್ನಿ.
• 108ಕ್ಕೆ ಫೋನ್ ಮಾಡಿ. ತಲೆನೋವು, ವಾಂತಿ, ಎದೆಬಿಗಿತ, ಉಸಿರಾಟದ ತೊಂದರೆ ಕಂಡರೆ "ನೋಡೋಣ ತಡಿ" ಅನ್ನಬೇಡಿ.
• ಡಾಕ್ಟರಿಗೆ "ಕಾಳಿನ ಗುಳಿಗೆ" ಅಂತಲೇ ಹೇಳಿ. ಪ್ಯಾಕಿನ ಫೋಟೋ ಮೊಬೈಲಿನಲ್ಲಿ ತೋರಿಸಿ.
• ಯಾರಾದರೂ ಗುಳಿಗೆ ನುಂಗಿದ್ದರೆ ನೀರು ಕುಡಿಸಬೇಡಿ, ವಾಂತಿ ಮಾಡಿಸಬೇಡಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ. ಸೀದಾ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.
• ಉಳಿದ ಗುಳಿಗೆಗೆ ನೀರು ಸುರಿಯಬೇಡಿ. ಅನಿಲ ಜೋರಾಗುತ್ತೆ, ಬೆಂಕಿಯೂ ಹೊತ್ತಬಹುದು. ಏನು ಮಾಡಬೇಕು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಹಾಗಾದರೆ ಹುಳಕ್ಕೇನು ಮಾಡೋದು?

ನಾನೀಗ ಕಾಳನ್ನು ಕಟಕಟ ಅನ್ನುವಂತೆ ಒಣಗಿಸ್ತೀನಿ. ಹಲ್ಲಿಗೆ ಹಾಕಿದರೆ ಪಟ್ಟನೆ ಒಡೀಬೇಕು. ಹಳೆ ಚೀಲಗಳನ್ನು ಬಿಸಿಲಿಗೆ ಹಾಕಿ ಕೊಡವುತ್ತೀನಿ. ಮನೆ ಜೋಳವನ್ನು ಗಾಳಿಯಾಡದ ಒಳಚೀಲ ಇರುವ ಚೀಲದಲ್ಲಿ ತುಂಬಿ ಬಿಗಿಯಾಗಿ ಕಟ್ಟುತ್ತೀನಿ. ಒಳಗಿನ ಆಮ್ಲಜನಕ ತೀರಿದರೆ ಹುಳ ತಾನೇ ಸಾಯುತ್ತೆ. ತೂತು ಬೀಳದಂತೆ ಇಲಿಯಿಂದ ಕಾಯಬೇಕು, ಅಷ್ಟೆ. ಬೀಜದ ತೊಗರಿ, ಕಡಲೆಗೆ ಹರಳೆಣ್ಣೆ ಸವರಿಡ್ತೀನಿ.

ಕೊನೆಗೊಂದು ಮಾತು. ಸಾಲ, ಜಗಳ, ಬೆಳೆ ನಷ್ಟದ ಹೊತ್ತಿನಲ್ಲಿ ಕೈಗೆ ಸಿಕ್ಕ ಈ ಗುಳಿಗೆಯಿಂದ ಎಷ್ಟೋ ಮನೆಗಳು ಬರಿದಾಗಿವೆ. ಅದು ಮನೆಯಲ್ಲಿ ಇಲ್ಲದಿರುವುದೇ ದೊಡ್ಡ ರಕ್ಷಣೆ. ಗೆಳೆಯರಲ್ಲಿ ಯಾರಾದರೂ ಮಂಕಾಗಿ ಕೂತಿದ್ದರೆ ಹತ್ತಿರ ಹೋಗಿ ಮಾತಾಡಿಸಿ. 14416, ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಬಹುದು.