ಬ್ಯಾಂಕಿನ ವಿವರ ಕೊಟ್ಟುಬಿಟ್ಟ ಮೇಲೆ ಮಾಡಬೇಕಾದುದೇನು?

ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ, ವ್ಯಾಪಾರವಾಗಿ ಹಣ ಬ್ಯಾಂಕಿನ ಖಾತೆಗೆ ಬರುವ ದಿನಗಳಲ್ಲಿ ಅಪರಿಚಿತರ ಫೋನುಗಳೂ ಬರತೊಡಗುತ್ತವೆ. ಒಬ್ಬ ಬ್ಯಾಂಕಿನ ಹೆಸರು ಹೇಳುತ್ತಾನೆ, ಇನ್ನೊಬ್ಬ ಪಿಎಂ ಕಿಸಾನ್ ಕಂತು ನಿಂತಿದೆ ಎನ್ನುತ್ತಾನೆ, ಮತ್ತೊಬ್ಬ ಕಾಫಿ ಗಿಡಗಳ ಸಹಾಯಧನ ಮಂಜೂರಾಗಿದೆ ಎನ್ನುತ್ತಾನೆ. ಇಂಥವರಿಗೆ ಏನನ್ನೂ ಹೇಳಬೇಡಿ ಎಂಬ ಎಚ್ಚರಿಕೆಯನ್ನು ಬ್ಯಾಂಕಿನವರೂ ಪೊಲೀಸರೂ ಬೇಕಾದಷ್ಟು ಸಲ ಕೊಟ್ಟಿದ್ದಾರೆ. ಆದರೆ ಹೇಳಿಬಿಟ್ಟವರ ಗತಿಯೇನು? ಅವರಿಗೆ ದಾರಿ ತೋರಿಸುವವರು ಕಡಮೆ. ಆದುದರಿಂದ ಈ ಸಂಚಿಕೆಯಲ್ಲಿ ಅಂಥ ಸದಸ್ಯರಿಗಾಗಿಯೇ ನಾಲ್ಕು ಮಾತು ಬರೆಯುತ್ತಿದ್ದೇವೆ.

ಅಂಕೋಲಾ ತಾಲೂಕಿನ ಘಟ್ಟದ ಬುಡದಲ್ಲಿ ತೋಟವಿರುವ ನಮ್ಮ ಸದಸ್ಯರೊಬ್ಬರಿಗೆ ಎರಡನೇ ಶನಿವಾರ ಮಧ್ಯಾಹ್ನ ಹೀಗೊಂದು ಕರೆ ಬಂತು. ಬ್ಯಾಂಕಿಗೆ ರಜೆಯ ದಿನ. ಕೆವೈಸಿ ಆಗಿಲ್ಲ, ಸಂಜೆಯೊಳಗೆ ಖಾತೆ ಬಂದ್ ಆಗುತ್ತದೆ ಎಂದು ಒಳ್ಳೆಯ ಕನ್ನಡದಲ್ಲಿ ಹೇಳಿದ ವ್ಯಕ್ತಿ, ವಾಟ್ಸಾಪಿನಲ್ಲಿ ಒಂದು ಫೈಲು ಕಳಿಸಿ ಅದನ್ನು ಫೋನಿಗೆ ಹಾಕಿಕೊಳ್ಳಲು ತಿಳಿಸಿದ. ನಮ್ಮವರು ಹಾಕಿಕೊಂಡರು. ಅದರಲ್ಲಿ ಕೇಳಿದಂತೆ ಕಾರ್ಡಿನ ನಂಬರು, ಪಿನ್ನು, ಎಲ್ಲವನ್ನೂ ತುಂಬಿದರು. ಹತ್ತು ನಿಮಿಷದಲ್ಲಿ 19,500 ರೂಪಾಯಿ ಹೋದ ಮೆಸೇಜು ಬಂತು.

ಮೋಸವಾಯಿತೆಂದು ಅವರಿಗೆ ಆಗಲೇ ತಿಳಿಯಿತು. ಆದರೆ ಅವರು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಹೇಳಿದರೆ ಹೆಂಡತಿ ಬೇಸರಪಟ್ಟುಕೊಳ್ಳುತ್ತಾಳೆ, ಬೆಂಗಳೂರಿನಲ್ಲಿರುವ ಮಗನಿಗೆ ಹೇಳಿದರೆ ಬೈಯುತ್ತಾನೆ, ಹೇಗೂ ಸೋಮವಾರ ಬ್ಯಾಂಕು ತೆರೆಯುತ್ತದಲ್ಲ ಎಂದುಕೊಂಡರು. ಶನಿವಾರ ರಾತ್ರಿ 40,000, ಭಾನುವಾರ ಬೆಳಿಗ್ಗೆ 38,000 ರೂಪಾಯಿ ಹೋಯಿತು. ಸೋಮವಾರ ಮೊದಲ ಬಸ್ಸಿಗೆ ಅಂಕೋಲೆಗೆ ಇಳಿದು ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ನಿಂತಿದ್ದರು. ಕೊನೆಗೌಡನಿಗೂ ಅಡಿಕೆ ಸುಲಿದವರಿಗೂ ಕೊಡಬೇಕೆಂದು ಇಟ್ಟ ಹಣ ಅದು.

ಅವರನ್ನು ನಾವು ದೂರುವುದಿಲ್ಲ. ಕಲಿತವರು, ದೊಡ್ಡ ಹುದ್ದೆಯಲ್ಲಿದ್ದವರು, ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದವರೂ ಹೀಗೆ ಕಳೆದುಕೊಂಡಿದ್ದಾರೆ. ಆದರೆ ಒಂದು ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ಶನಿವಾರ ಹೋದ 19,500 ರೂಪಾಯಿಗೂ ಆಮೇಲೆ ಹೋದ 78,000 ರೂಪಾಯಿಗೂ ಕಾಯಿದೆಯ ದೃಷ್ಟಿಯಲ್ಲಿ ಬಹಳ ವ್ಯತ್ಯಾಸವಿರಬಹುದಿತ್ತು.

2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಎಲ್ಲ ವಾಣಿಜ್ಯ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದೇ ಸುತ್ತೋಲೆ ಬಂತು. ಗ್ರಾಹಕನೇ ತನ್ನ ಗುಟ್ಟಿನ ಸಂಖ್ಯೆಗಳನ್ನು ಬೇರೆಯವರಿಗೆ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಅವನದು. ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು ಎಂದು ಅದು ವಿಧಿಸಿತು. ಇನ್ನೊಮ್ಮೆ ಓದಿ. ನಮ್ಮ ಸದಸ್ಯರು ಶನಿವಾರ ಮಧ್ಯಾಹ್ನವೇ ಫೋನು ಮಾಡಿ ದೂರು ದಾಖಲಿಸಿದ್ದರೆ ಮುಂದಿನ 78,000ದ ಹೊಣೆ ಅವರ ತಲೆಯ ಮೇಲೆ ಬರುತ್ತಿರಲಿಲ್ಲ. ಬಹುಶಃ ಆ ಹಣ ಹೋಗುತ್ತಲೂ ಇರಲಿಲ್ಲ. ಬ್ಯಾಂಕಿಗೆ ರಜೆ ಎಂಬುದು ಇಲ್ಲಿ ಅಡ್ಡಿಯಾಗದು. ದೂರು ಹೇಳಲು ದಿನದ 24 ಗಂಟೆಯೂ ವ್ಯವಸ್ಥೆ ಇರಬೇಕೆಂದು ಅದೇ ಸುತ್ತೋಲೆ ಬ್ಯಾಂಕುಗಳಿಗೆ ಕಟ್ಟುಮಾಡಿದೆ. ಶನಿವಾರ, ಭಾನುವಾರ, ಹಬ್ಬದ ದಿನ ನೋಡಿಯೇ ಮೋಸಗಾರರು ಫೋನು ಮಾಡುವುದು ನಾವು ಸೋಮವಾರಕ್ಕೆ ಕಾಯುತ್ತೇವೆಂಬ ಭರವಸೆಯಿಂದಲೇ.

ಹಾಗಾದರೆ ಮೊದಲು ಯಾರಿಗೆ ಫೋನು ಮಾಡಬೇಕು? ಹಣ ಈಗಾಗಲೇ ಹೋಗಿದ್ದರೆ 1930ಕ್ಕೆ, ಆಮೇಲೆ ಬ್ಯಾಂಕಿಗೆ. ವಿವರ ಮಾತ್ರ ಕೊಟ್ಟಿದ್ದು ಹಣ ಇನ್ನೂ ಹೋಗಿಲ್ಲವಾದರೆ ಮೊದಲು ಬ್ಯಾಂಕಿಗೆ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ಬ್ಯಾಂಕಿನ ಸಹಾಯವಾಣಿ ಎಂದು ಅಲ್ಲಿ ತಮ್ಮದೇ ನಂಬರು ಹಾಕಿಕೊಂಡು ಕೂತಿರುವವರು ಇದೇ ಕಸುಬಿನ ಇನ್ನೊಂದು ತಂಡದವರು.

1930 ಎಂಬುದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಹಾಯವಾಣಿ. ಇದರ ಹಿಂದಿರುವ ವ್ಯವಸ್ಥೆ 2021ರಲ್ಲಿ ಜಾರಿಗೆ ಬಂತು. ಅಲ್ಲಿ ನಿಮ್ಮ ದೂರು ಬರೆದುಕೊಂಡ ಕೂಡಲೇ ಅದು ಹಣ ಹೊರಟ ಬ್ಯಾಂಕಿಗೂ ಹಣ ತಲಪಿದ ಬ್ಯಾಂಕಿಗೂ ಹೋಗುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲಿಯೇ ತಡೆಹಿಡಿಯುತ್ತಾರೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ದೂರೂ ಅದರ ಬೆನ್ನು ಹತ್ತುತ್ತದೆ. ಯಾರೋ ಎಟಿಎಮ್ಮಿನಿಂದ ನಗದು ತೆಗೆದುಕೊಂಡು ನಡೆದರೆಂದರೆ ಬೆನ್ನು ಹತ್ತಲು ಏನೂ ಉಳಿಯುವುದಿಲ್ಲ. ಮೋಸಗಾರರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಒಡೆದು ಒಡೆದು ಕಳಿಸುವುದು ಇದಕ್ಕಾಗಿಯೇ. ಕೊಳೆರೋಗ ಹತ್ತಿದ ಮೇಲೆ ಮದ್ದು ಹೊಡೆಯಲು ಎಷ್ಟು ದಿನ ತಡಮಾಡಿದರೆ ಎಷ್ಟು ಗೊನೆ ಹೋಗುತ್ತದೆಂದು ನಮಗೆಲ್ಲ ಲೆಕ್ಕ ಗೊತ್ತು. ಇಲ್ಲಿ ದಿನದ ಬದಲು ನಿಮಿಷದ ಲೆಕ್ಕ.

ಫೋನಿನಲ್ಲಿ ಅವರು ನಿಮ್ಮ ಖಾತೆ ಯಾವ ಬ್ಯಾಂಕಿನದು, ಎಷ್ಟು ಹಣ, ಎಷ್ಟು ಹೊತ್ತಿಗೆ ಹೋಯಿತು, ಮೆಸೇಜಿನಲ್ಲಿರುವ ವ್ಯವಹಾರದ ಸಂಖ್ಯೆ ಯಾವುದು ಎಂದು ಕೇಳುತ್ತಾರೆ. ಯುಪಿಐ ಆದರೆ ಆ ಸಂಖ್ಯೆ 12 ಅಂಕಿಯದು. ಇವನ್ನು ಕಾಗದದಲ್ಲಿ ಬರೆದುಕೊಂಡೇ ಫೋನು ಮಾಡುವುದು ಒಳಿತು. ಅವರು ಕೊಡುವ ದೂರಿನ ನಂಬರನ್ನು ಕಾದಿಟ್ಟುಕೊಂಡು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ಜಾಲತಾಣದಲ್ಲಿ ದೂರನ್ನು ಪೂರ್ತಿಗೊಳಿಸಬೇಕು. ಇದು ಆಗದವರು ಕಾರವಾರದಲ್ಲಿರುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ, ಇಲ್ಲವೇ ತಮ್ಮ ಹತ್ತಿರದ ಠಾಣೆಗೆ ಹೋಗಬಹುದು. ಆದರೆ ಕಾರವಾರಕ್ಕೆ ಹೋಗಿಯೇ ಹೇಳುತ್ತೇನೆಂದು ಫೋನು ಮಾಡದೆ ಬಸ್ಸಿಗೆ ಕಾಯಬೇಡಿ.

ಇನ್ನು, ನೀವು ಕೊಟ್ಟದ್ದು ಏನು ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಬರಿಯ ಖಾತೆ ನಂಬರು ಮತ್ತು ಐಎಫ್‌ಎಸ್‌ಸಿ ಕೊಟ್ಟಿದ್ದರೆ ಹೆದರಿ ಊಟ ಬಿಡಬೇಕಾಗಿಲ್ಲ. ಅವು ನೀವು ಕೊಡುವ ಪ್ರತಿ ಚೆಕ್ಕಿನ ಮೇಲೂ ಅಚ್ಚಾಗಿರುತ್ತವೆ. ಅಷ್ಟರಿಂದಲೇ ಹಣ ತೆಗೆಯಲಾಗದು. ಆದರೆ ಆ ಖಾತೆಗೆ ಗುರುತಿಲ್ಲದ ಹಣ ಬಂದು, "ತಪ್ಪಿ ಬಂದಿದೆ, ವಾಪಸು ಕಳಿಸಿ" ಎಂದು ಯಾರಾದರೂ ಫೋನು ಮಾಡಿದರೆ ನೀವಾಗಿಯೇ ಕಳಿಸಕೂಡದು. ಅದು ಇನ್ನಾರಿಂದಲೋ ಕದ್ದ ಹಣವಾಗಿದ್ದರೆ ಕದ್ದ ಹಣ ದಾಟಿಸಿದ ಖಾತೆಯೆಂದು ನಿಮ್ಮದನ್ನೇ ತಡೆಹಿಡಿದಾರು. ಬ್ಯಾಂಕಿಗೆ ಬರೆದು ಕೊಟ್ಟು, ಬ್ಯಾಂಕಿನ ಮೂಲಕವೇ ಹಿಂದಿರುಗಿಸಿ.

ಕಾರ್ಡಿನ ನಂಬರು, ಅದರ ಅವಧಿ, ಹಿಂಬದಿಯ ಮೂರು ಅಂಕಿ ಹೇಳಿದ್ದರೆ ಆ ಕಾರ್ಡನ್ನು ಬಂದ್ ಮಾಡಿಸಿ ಹೊಸದನ್ನು ಪಡೆಯಿರಿ. ಪಿನ್ನು ಮಾತ್ರ ಬದಲಿಸಿದರೆ ಸಾಲದು, ವಿದೇಶದ ಕೆಲವು ಅಂಗಡಿಗಳಲ್ಲಿ ಒಟಿಪಿ ಇಲ್ಲದೆಯೂ ಕಾರ್ಡು ನಡೆಯುತ್ತದೆ. ಯುಪಿಐ ಪಿನ್ನು ಹೇಳಿದ್ದರೆ ಅದನ್ನು ಬದಲಿಸಿ, ಬ್ಯಾಂಕಿಗೆ ಹೇಳಿ ಯುಪಿಐ ವ್ಯವಹಾರವನ್ನೇ ಕೆಲವು ದಿನ ನಿಲ್ಲಿಸಿ. ಅಂದ ಹಾಗೆ, ಹಣ ಪಡೆಯುವುದಕ್ಕೆ ಯುಪಿಐ ಪಿನ್ನು ಎಂದಿಗೂ ಬೇಡ. ಪಿನ್ನು ಒತ್ತಿದರೆ ಹಣ ನಿಮ್ಮಿಂದ ಹೋಗುತ್ತದೆ. ಇದನ್ನು ಮನೆಯ ಹಿರಿಯರಿಗೆ ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ನಮ್ಮ ಸದಸ್ಯರ ಹಾಗೆ ಫೈಲನ್ನು ಫೋನಿಗೆ ಹಾಕಿಕೊಂಡಿದ್ದರೆ ಮಾತೇ ಬೇರೆ. ಅಂಥ ಫೈಲು ನಿಮ್ಮ ಫೋನಿಗೆ ಬರುವ ಮೆಸೇಜುಗಳನ್ನು ನಿಮಗೆ ಗೊತ್ತಾಗದಂತೆ ಅವನಿಗೆ ದಾಟಿಸುತ್ತದೆ. ಆಮೇಲೆ ಅವನು ನಿಮ್ಮನ್ನು ಒಟಿಪಿ ಕೇಳಬೇಕಾಗಿಯೇ ಇಲ್ಲ. ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ ಯಾವ ಕರೆಯೂ ಇಲ್ಲದೆ ಹಣ ಹೋದದ್ದು ಹೀಗೆಯೇ. ಒಡನೆ ಫೋನಿನ ಇಂಟರ್‌ನೆಟ್ಟನ್ನೂ ವೈಫೈಯನ್ನೂ ಆರಿಸಿ, ಸಿಮ್ಮನ್ನು ತೆಗೆದು ಬೇರೊಂದು ಫೋನಿಗೆ ಹಾಕಿ. ಹಳೆಯ ಬಟನ್ ಫೋನು ಮನೆಯಲ್ಲಿದ್ದರೆ ಅದೇ ಉತ್ತಮ. ಬ್ಯಾಂಕಿಗೂ 1930ಕ್ಕೂ ಅದರಿಂದಲೇ ಮಾತನಾಡಿ. ಪಾಸ್‌ವರ್ಡುಗಳನ್ನು ಕೆಟ್ಟ ಫೋನಿನಲ್ಲಿ ಕೂತು ಬದಲಿಸುವುದು ಕಳ್ಳನ ಮುಂದೆಯೇ ಹೊಸ ಬೀಗ ಹಾಕಿದಂತೆ. ಆ ಫೋನನ್ನು ತಿಳಿದವರ ಕೈಯಲ್ಲಿ ಪೂರ್ತಿ ಅಳಿಸಿ ಹೊಸದರಂತೆ ಮಾಡಿಸಬೇಕು, ಆದರೆ ಮೊದಲು ಮೆಸೇಜುಗಳ, ಕರೆಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಅವು ಸಾಕ್ಷಿ.

ಫೋನಿನ ಸಿಗ್ನಲ್ ಇದ್ದಕ್ಕಿದ್ದಂತೆ ಪೂರ್ಣ ಹೋಗುವುದೂ ಒಂದು ಅಪಾಯದ ಗುರುತು. ನಿಮ್ಮ ನಂಬರಿಗೆ ಇನ್ನಾರೋ ಬೇರೆ ಸಿಮ್ಮು ಪಡೆದಿರಬಹುದು. ಇದನ್ನು ಪಟ್ಟಣದವರಿಗೆ ಹೇಳುವುದು ಸುಲಭ, ಮಳೆಗಾಲದಲ್ಲಿ ಹಿಲ್ಲೂರು, ಅಚವೆ ಕಡೆಯವರಿಗೆ ಹೇಳಿದರೆ ನಕ್ಕಾರು. ಆದರೂ ಒಂದು ಉಪಾಯವುಂಟು. ಪಕ್ಕದ ಮನೆಯವರ ಅದೇ ಕಂಪನಿಯ ಫೋನು ನಡೆಯುತ್ತಿದ್ದು ನಿಮ್ಮದು ಮಾತ್ರ ಸತ್ತಿದ್ದರೆ ಕೂಡಲೇ ಕಂಪನಿಗೂ ಬ್ಯಾಂಕಿಗೂ ತಿಳಿಸಿ.

ಆಧಾರದ ವಿಷಯವನ್ನು ತೋಟವುಳ್ಳವರು ವಿಶೇಷವಾಗಿ ಗಮನಿಸಬೇಕು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ, ಅವರು ಯಾರಿಗೂ ಏನೂ ಹೇಳದಿದ್ದರೂ, ಹಣ ಹೋಯಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ತೆಗೆದು, ನಕಲಿ ಬೆರಳು ಮಾಡಿ, ಊರೂರಿನ ಆಧಾರ್ ಯಂತ್ರಗಳಲ್ಲಿ ಒಂದು ಬಾರಿಗೆ 10,000 ರೂಪಾಯಿವರೆಗೆ ಪಡೆಯುತ್ತಿದ್ದರು. ಆ ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಸರಕಾರವು ಆಮೇಲೆ ಕ್ರಮ ಕೈಗೊಂಡಿತು. ಆಧಾರ್ ನಂಬರು ಅಥವಾ ಅದರ ಪ್ರತಿ ಅಪರಿಚಿತರ ಕೈ ಸೇರಿದ್ದರೆ ಎಂ-ಆಧಾರ್ ಆ್ಯಪಿನಲ್ಲಾಗಲಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಾಗಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಬೀಗ ಹಾಕಿದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ನಡೆಯದು, ಅಕ್ಕಿ ತರುವ ದಿನ ಸ್ವಲ್ಪ ಹೊತ್ತು ತೆಗೆದು ಹೋಗಬೇಕು. ತೊಂದರೆಯೇ ಸರಿ, ಆದರೆ ಖಾತೆ ಬರಿದಾಗುವುದಕ್ಕಿಂತ ಚಿಕ್ಕ ತೊಂದರೆ.

ಹೀಗೆ ನಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೋದ ಹಣಕ್ಕೆ 2017ರ ಸುತ್ತೋಲೆ ಬೇರೆ ಲೆಕ್ಕ ಹೇಳಿತು. ಬ್ಯಾಂಕಿನ ಮೆಸೇಜು ಬಂದ ಮೇಲೆ ಕೆಲಸದ ಮೂರು ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವನು 10,000 ರೂಪಾಯಿವರೆಗೆ, ಶೂನ್ಯ ಶಿಲ್ಕಿನ ಮೂಲ ಖಾತೆಯವನು 5,000 ರೂಪಾಯಿವರೆಗೆ ಹೊರಬೇಕು. ಗ್ರಾಹಕನದೇ ತಪ್ಪು ಎಂದು ತೋರಿಸುವ ಭಾರವನ್ನೂ ಅದು ಬ್ಯಾಂಕಿನ ಮೇಲೆ ಹೊರಿಸಿತು. ಆದುದರಿಂದ "ನೀವೇ ಒಟಿಪಿ ಕೊಟ್ಟಿರಬೇಕು" ಎಂಬ ಬಾಯಿಮಾತಿಗೆ ಒಪ್ಪಿ ಎದ್ದು ಬರಬಾರದು. ಆದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಬ್ಯಾಂಕುಗಳಲ್ಲ, ಅಲ್ಲಿಟ್ಟ ಠೇವಣಿಗೆ ಈ ಸುತ್ತೋಲೆ ಅನ್ವಯಿಸದೆಂಬುದೂ ನೆನಪಿರಲಿ.

ಫೋನಿನಲ್ಲಿ ಹೇಳಿದ್ದು ದೂರೇ ಸರಿ, ಆದರೆ ಹೊತ್ತು ಮುಖ್ಯವಾದುದರಿಂದ ಅದನ್ನು ಕಾಗದಕ್ಕೆ ಇಳಿಸಬೇಕು. ಬ್ಯಾಂಕು ತೆರೆದ ದಿನ ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದರ ಮೇಲೆ ತಾರೀಖು, ವೇಳೆ, ಮೊಹರು ಹಾಕಿಸಿ ತನ್ನಿ. ಬರೆಯುವುದಕ್ಕೆ ಇಷ್ಟು ಸಾಕು:

"ಮಾನ್ಯ ವ್ಯವಸ್ಥಾಪಕರಿಗೆ, ನನ್ನ ಈ ನಂಬರಿನ ಖಾತೆಯ ವಿವರಗಳು ಇಂಥ ದಿನ ಇಷ್ಟು ಗಂಟೆಗೆ ಮೋಸದಿಂದ ಅಪರಿಚಿತರ ಕೈಸೇರಿವೆ. ಇಂಥ ದಿನ ಇಷ್ಟು ಗಂಟೆಗೆ ನಿಮ್ಮ ಸಹಾಯವಾಣಿಗೆ ತಿಳಿಸಿದ್ದೇನೆ, ದೂರಿನ ಸಂಖ್ಯೆ ಇದು. ಕೆಳಗಿನ ವ್ಯವಹಾರಗಳನ್ನು ನಾನು ಮಾಡಿಲ್ಲ. ನನ್ನ ಕಾರ್ಡು, ನೆಟ್ ಬ್ಯಾಂಕಿಂಗ್, ಯುಪಿಐ ಇವುಗಳನ್ನು ನಿಲ್ಲಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ತಡೆಹಿಡಿದ ಹಣ ಮರಳಿ ಬರುವುದಕ್ಕೆ ಸಮಯ ಹಿಡಿಯುತ್ತದೆ. ಅನೇಕ ಸಂದರ್ಭಗಳಲ್ಲಿ ನ್ಯಾಯಾಲಯದ ಆದೇಶವೂ ಬೇಕಾಗುತ್ತದೆ. ಈ ಕಾಯುವ ದಿನಗಳಲ್ಲಿ ಇನ್ನೊಂದು ಫೋನು ಬರುತ್ತದೆ. ಸೈಬರ್ ಇಲಾಖೆಯಿಂದ ಎಂದೋ ವಕೀಲರೆಂದೋ ಹೇಳಿಕೊಂಡು, ನಿಮ್ಮ ಹಣ ಸಿಕ್ಕಿದೆ, ಶುಲ್ಕ ಕಟ್ಟಿದರೆ ಬಿಡುಗಡೆ ಮಾಡುತ್ತೇವೆ ಎನ್ನುತ್ತಾರೆ. ಒಮ್ಮೆ ಮೋಸ ಹೋದವರ ನಂಬರುಗಳೂ ಇಂಥವರ ಕೈಯಲ್ಲಿ ಓಡಾಡುತ್ತಿರುತ್ತವೆ. ಪೊಲೀಸರಾಗಲಿ ಬ್ಯಾಂಕಾಗಲಿ ಹಣ ಹಿಂದಿರುಗಿಸಲು ಶುಲ್ಕ ಕೇಳುವುದಿಲ್ಲ.

ನಮ್ಮ ಸದಸ್ಯರ ಭಾನುವಾರದ 38,000ದಲ್ಲಿ ಒಂದು ಪಾಲು ದೂರದ ರಾಜ್ಯವೊಂದರ ಖಾತೆಯಲ್ಲಿ ಸಿಕ್ಕಿ ತಡೆಯಲ್ಲಿದೆ. ಉಳಿದದ್ದರ ಸುಳಿವಿಲ್ಲ. ಮಗನಿಗೆ ಈಗ ಎಲ್ಲವೂ ಗೊತ್ತು. ಅವನು ಬೈಯಲಿಲ್ಲವಂತೆ, "ಶನಿವಾರವೇ ಹೇಳಬಾರದಿತ್ತೇ ಅಪ್ಪ" ಎಂದಷ್ಟೇ ಕೇಳಿದನಂತೆ.

ಅರ್ಜಿ ಬರೆಯಲು, ಜಾಲತಾಣದಲ್ಲಿ ದೂರು ತುಂಬಲು ಸಹಾಯ ಬೇಕಾದವರು ಕಚೇರಿಯ ವೇಳೆಯಲ್ಲಿ ನಮ್ಮಲ್ಲಿಗೆ ಬರಬಹುದು. ಬರುವಾಗ ಪಾಸ್‌ಬುಕ್ಕು, ಆಧಾರ್ ಪ್ರತಿ, ಮೋಸದ ಕರೆ ಬಂದ ಫೋನು ಮತ್ತು 1930ರವರು ಕೊಟ್ಟ ದೂರಿನ ನಂಬರು ತರಬೇಕು. ಆ ನಂಬರಿಲ್ಲದೆ ಬಂದವರಿಗೆ ನಾವು ಕುರ್ಚಿ ಕೊಡುವ ಮೊದಲು ಕಚೇರಿಯ ಫೋನನ್ನೇ ಕೊಡುತ್ತೇವೆ.