ಮಹಾನಗರದ ಬಾಣಂತಿ

ತಾಯಿಯ ಹಾಲಿಗೆ ಸಮನಾದ ಆಹಾರ ಎಳೆಗೂಸಿಗೆ ಬೇರೊಂದಿಲ್ಲವೆಂಬುದನ್ನು ಯಾರೂ ಅಲ್ಲಗಳೆಯರು. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು, ಮೊದಲ ಆರು ತಿಂಗಳು ನೀರನ್ನೂ ಕೊಡದೆ ಎದೆಹಾಲನ್ನೇ ಊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಬೆಂಗಳೂರಿನಂತಹ ನಗರದಲ್ಲಿ ದುಡಿದು ತಿನ್ನುವ ಹೆಂಗಸು ಇದನ್ನು ನಡೆಸುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ. ಇದು ಕಾಲೇಜು ಸಂಚಿಕೆಗೆ ತಕ್ಕ ಮಾತಲ್ಲವೆನ್ನುವ ಸಹಪಾಠಿಗಳಿದ್ದರೆ, ಅವರೂ ಒಂದು ಕಾಲಕ್ಕೆ ಹಾಲು ಕುಡಿದವರೇ ಎಂದಷ್ಟೇ ನನ್ನ ಉತ್ತರ.

ಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತಲ್ಲ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪತ್ತಿ ಮಾಡಿಸುತ್ತದೆ. ಆಕ್ಸಿಟೋಸಿನ್ ಅದನ್ನು ತೊಟ್ಟಿನ ಕಡೆಗೆ ತಳ್ಳುತ್ತದೆ. ಎದೆ ಬರಿದಾದಷ್ಟೂ ಹಾಲು ಹುಟ್ಟುತ್ತದೆ, ತುಂಬಿಯೇ ಉಳಿದರೆ ತಗ್ಗುತ್ತದೆ. ಎರಡನೆಯ ರಸವಂತೂ ಬಲು ಸಂಕೋಚದ್ದು. ನೋವು, ಭಯ, ಚಿಂತೆಗಳಿದ್ದಲ್ಲಿ ಹಿಂಜರಿಯುತ್ತದೆ. ನಮ್ಮ ಕಡೆ ಬಾಣಂತಿಗೆ ಎರೆದು, ಸಬ್ಬಸಿಗೆ ಸೊಪ್ಪು ಬೆಳ್ಳುಳ್ಳಿಗಳ ಸಾರು ಉಣಿಸಿ, ಬೆಚ್ಚಗೆ ಮಲಗಿಸುತ್ತಾರೆ. ಸೊಪ್ಪಿನ ಗುಣಕ್ಕಿಂತ ಆ ನಿಶ್ಚಿಂತೆಯ ಗುಣವೇ ದೊಡ್ಡದೆಂದು ನನಗೆ ತೋರುತ್ತದೆ. ಹಳೆಯದೆಲ್ಲ ಒಳ್ಳೆಯದೆಂದಲ್ಲ. ಹಸುವಿನ ಗಿಣ್ಣನ್ನು ಬೆಲ್ಲ ಹಾಕಿ ಕಾಯಿಸಿ ಕೇರಿಗೆಲ್ಲ ಹಂಚುವ ನಾವೇ, ತಾಯಿಯ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವುದುಂಟು! ರೋಗವನ್ನು ತಡೆಯುವ ಸತ್ತ್ವ ಹೆಚ್ಚಾಗಿರುವುದು ಅದರಲ್ಲಿಯೇ.

ನನ್ನ ಅಕ್ಕ ಪೀಣ್ಯದ ಕಡೆ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯವಳು. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರಲಾಗಲಿಲ್ಲ. ಅವ್ವ ಕೂಲಿ ಬಿಟ್ಟು ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಲಾಗಲಿಲ್ಲ. ಪರೀಕ್ಷೆ ಮುಗಿಸಿದ್ದ ನಾನು ಹೋದೆ. ಒಂದೇ ಕೋಣೆಯ ಮನೆ. ಮಗು ಅತ್ತಾಗಲೆಲ್ಲ ವಠಾರದವರು, "ಹಾಲು ಸಾಲದು ಕಣಮ್ಮ, ಡಬ್ಬಿ ತರಿಸು" ಎನ್ನುವರು. ಭಾವ ತಂದರು. ಬಾಟಲಿಗೆ ಒಗ್ಗಿದ ಮಗು ಎದೆಗೆ ಬಾಯಿ ಹಾಕುವುದು ಕಡಮೆಯಾಯಿತು. ಅಕ್ಕನಿಗೆ ಹಾಲು ಕಟ್ಟಿಕೊಂಡು ಜ್ವರ ಬಂದಿತು. ನಿಜಕ್ಕೂ ಹಾಲು ತಗ್ಗತೊಡಗಿದ್ದು ಆಮೇಲೆ.

ಆಗ ಬಂದವರು ಆಶಾ ಕಾರ್ಯಕರ್ತೆ. ಜ್ವರಕ್ಕೆ ವೈದ್ಯರಲ್ಲಿಗೆ ಕಳುಹಿಸಿದರು. ಹಾಲೂಡುವುದನ್ನು ನಿಲ್ಲಿಸಬಾರದೆಂದು ವೈದ್ಯರೂ ಹೇಳಿದರು. ಆಕೆ ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಹಿಡಿಸಿ, ಬರಿಯ ತೊಟ್ಟಲ್ಲದೆ ಸುತ್ತಣ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಮಾಡಿ ತೋರಿಸಿದರು. "ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡ್ತಾ ಇದ್ದು, ತೂಕ ಏರ್ತಾ ಇದ್ದರೆ ಹಾಲು ಸಾಲ್ತಾ ಇದೆ ಅಂತ ತಿಳ್ಕೊಳಮ್ಮ" ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಆ ಲೆಕ್ಕ ಇಟ್ಟವಳು ನಾನು. ಡಬ್ಬಿಯ ಹಾಲನ್ನು ಮೆಲ್ಲಮೆಲ್ಲನೆ ತಗ್ಗಿಸಿ ಎರಡು ವಾರದಲ್ಲಿ ಬಿಟ್ಟೆವು.

ಡಬ್ಬಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಶಾಸನವೇ ನಿಷೇಧಿಸಿದೆ. ವಠಾರದ ಬಾಯಿಗೆ ಶಾಸನವಿಲ್ಲ. ಹಾಗೆಂದು ಡಬ್ಬಿ ಕೊಟ್ಟ ತಾಯಿಯನ್ನು ಹಳಿಯುವುದೂ ತರವಲ್ಲ. ಕೆಲವರಿಗೆ ಹಾಲು ನಿಜವಾಗಿಯೂ ಸಾಲದು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಬೇರೆ ತಾಯಂದಿರು ಕೊಟ್ಟ ಹಾಲನ್ನು ಶುದ್ಧಿಮಾಡಿ ಊಡುವ ಹಾಲಿನ ಬ್ಯಾಂಕು 1989ರಲ್ಲಿಯೇ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು.

ಇನ್ನು ರಜೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳದ ರಜೆ ದೊರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಆರು ತಿಂಗಳಿಗೆ ಸರಿಯಾಯಿತಲ್ಲವೆ ಎನ್ನಬಹುದು. ಆದರೆ ಹೆರಿಗೆಗೆ ಮುಂಚಿನ ರಜೆಯೂ ಅದರಲ್ಲಿಯೇ ಸೇರಿದೆ. ತುಂಬಿದ ಬಸುರಿನಲ್ಲಿ ಯಂತ್ರದ ಮುಂದೆ ಕೂರಲಾರದೆ ಅಕ್ಕ ಆರು ವಾರ ಮೊದಲೇ ಮನೆ ಹಿಡಿದಳು. ಮಗುವಿಗೆ ಉಳಿದದ್ದು 20 ವಾರ. ಮನೆಗೆಲಸಕ್ಕೆ ಹೋಗುವ ಪಕ್ಕದ ಮನೆಯಾಕೆಗೆ ಅಷ್ಟೂ ಇಲ್ಲ.

ಈಗ ಅಕ್ಕ ಬೆಳಗಿನ ಏಳಕ್ಕೆ ಮೊದಲು ಹಾಲು ಹಿಂಡಿ, ಕುದಿಸಿ ತೊಳೆದ ಲೋಟದಲ್ಲಿ ಮುಚ್ಚಿಟ್ಟು ಹೋಗುತ್ತಾಳೆ. ಹೊರಗಿಟ್ಟರೆ ಅದು ನಾಲ್ಕು ಗಂಟೆಯವರೆಗೆ ಕೆಡದು. ಆ ಹೊತ್ತಿನೊಳಗೆ ವಠಾರದ ಅಜ್ಜಿಯೊಬ್ಬರು ಒಳಲೆಯಿಂದ ಕುಡಿಸುತ್ತಾರೆ. ಡಬ್ಬಿ ತರಿಸೆಂದವರಲ್ಲಿ ಅವರೂ ಒಬ್ಬರು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆ ಎರಡು ಬಿಡುವುಗಳನ್ನು ಕಾನೂನು ಕೊಟ್ಟಿದೆ. ಐವತ್ತು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕು. ಅಕ್ಕನ ಕಾರ್ಖಾನೆಯಲ್ಲಿ ಇದೆ, ಆದರೆ ವರುಷ ತುಂಬದ ಕೂಸುಗಳನ್ನು ಸೇರಿಸಿಕೊಳ್ಳುವುದಿಲ್ಲ. ಮನೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರ. ಆದ್ದರಿಂದ ಆ ಬಿಡುವಿನಲ್ಲಿ ಅವಳು ಎದೆಯ ಬಿಗಿತ ತಾಳಲಾರದೆ ಹಾಲನ್ನು ಕೈತೊಳೆಯುವ ತೊಟ್ಟಿಗೆ ಹಿಂಡಿ, ಮತ್ತೆ ಯಂತ್ರದ ಮುಂದೆ ಕೂರುತ್ತಾಳೆ.